ಮರುಭೂಮಿಯ ಮಕ್ಕಳಿಗೆ 'ಹೋಗಿ ಬರ್ತೀನಿ' ಅನ್ನುವ ಮುಂಚೆ

ಮನೆಯಿಂದ ಹೊರಡುವಾಗ ನಾವ್ಯಾರೂ 'ಹೋಗ್ತೀನಿ' ಅನ್ನುವುದಿಲ್ಲ. ಬಾಯಿ ತಪ್ಪಿ ಅಂದರೂ ಹಿರಿಯರು ಅಲ್ಲೇ ತಿದ್ದುತ್ತಾರೆ: 'ಹೋಗಿ ಬರ್ತೀನಿ ಅನ್ನು.' ಇದೇ ಅಭ್ಯಾಸದಲ್ಲಿ ನಾನು ಮರುಭೂಮಿಯ ಒಂದು ಹಳ್ಳಿಯಲ್ಲಿ, ಐದು ತಿಂಗಳು ಪಾಠ ಹೇಳಿಕೊಟ್ಟ ಮಕ್ಕಳ ಮುಂದೆ ನಿಂತು, ಅವರ ಭಾಷೆಯಲ್ಲಿ ಅದನ್ನೇ ಹೇಳಿದೆ. ಏಳು ವರ್ಷದ ಹುಡುಗನೊಬ್ಬ ತಕ್ಷಣ ಕೇಳಿದ: 'ಯಾವಾಗ?'

ವಾಪಸ್ ಬರುವ ಯೋಚನೆಯೂ ನನಗಿರಲಿಲ್ಲ, ಅದಕ್ಕೆ ಬೇಕಾದ ದುಡ್ಡೂ ಇರಲಿಲ್ಲ. 'ಬೇಗ' ಅಂದೆ.

ಮರುದಿನ ಬೆಳಗಿನ ಜಾವ ನಾಲ್ಕಕ್ಕೆ ಜೀಪು ಬಂತು. ಮಕ್ಕಳು ಮಲಗಿದ್ದರು. ಎಬ್ಬಿಸಿ ಯಾಕೆ ಅಳಿಸುವುದು ಅಂತ ಸುಮ್ನೆ ಹೊರಟುಬಿಟ್ಟೆ. ನನ್ನ ಜಾಗಕ್ಕೆ ಬಂದವಳು ಆಮೇಲೆ ಫೋನಿನಲ್ಲಿ ಹೇಳಿದಳು: ಆ ಹುಡುಗ ತುಂಬ ದಿನ, ದೂರದಲ್ಲಿ ಧೂಳೆದ್ದರೆ ಸಾಕು, ನೀರಿನ ತೊಟ್ಟಿಯ ಮೇಲೆ ಹತ್ತಿ ನಿಂತು ನೋಡುತ್ತಿದ್ದನಂತೆ. ಮರವಿಲ್ಲದ ಬಯಲು ಅದು. ಬರುವ ಗಾಡಿಯ ಧೂಳು ಗಾಡಿಗಿಂತ ಎಷ್ಟೋ ಹೊತ್ತು ಮೊದಲೇ ಕಾಣುತ್ತದೆ. ಗಾಡಿಯಲ್ಲಿ ಯಾರಿದ್ದಾರೆ ಅಂತ ಗೊತ್ತಾಗುವವರೆಗೆ ಅಷ್ಟೂ ಹೊತ್ತು ಅವನು ಕಾಯಬೇಕು.

ಮುಂದೆ ಇನ್ನೊಂದು ಮರುಭೂಮಿಯಲ್ಲಿ, ಇನ್ನೊಂದಿಷ್ಟು ಮಕ್ಕಳ ಜತೆ ಏಳು ತಿಂಗಳಿದ್ದೆ. ಈ ಸಲ ಸ್ವಲ್ಪ ಸರಿಯಾಗಿ ಹೊರಟೆ. ಮೊದಲ ಸಲದ ತಪ್ಪಿನಿಂದ, ಎರಡನೇ ಸಲದ ಪ್ರಯೋಗದಿಂದ ಕಲಿತಿದ್ದನ್ನು, ನನ್ನ ಹಾಗೆ ಕೆಲವು ತಿಂಗಳು ಪಾಠ ಹೇಳಲು ಹೋಗುವವರಿಗಾಗಿ ಇಲ್ಲಿ ಬರೆದಿದ್ದೇನೆ. ಹಳ್ಳಿಗಳ ಹೆಸರು ಹೇಳುವುದಿಲ್ಲ. ಮಕ್ಕಳ ಗುರುತು ಸಿಗಬಾರದು. ಅದೂ ಈ ಪಾಠದಲ್ಲಿ ಒಂದು.

ಈ ಮಕ್ಕಳಿಗೆ ಅಗಲಿಕೆ ಹೊಸದೇನಲ್ಲ

ಮರುಭೂಮಿಯಲ್ಲಿ ಬೆಳೆಯುವ ಮಕ್ಕಳಿಗೆ ಹೋಗುವುದು, ಬರುವುದು ನಮಗಿಂತ ಚೆನ್ನಾಗಿ ಗೊತ್ತು. ಮಂಗೋಲಿಯಾದ ಗೋಬಿಯಲ್ಲಿ ದನ, ಕುರಿ, ಒಂಟೆ ಸಾಕುವವರ ಎಷ್ಟೋ ಮಕ್ಕಳು ಶಾಲೆ ನಡೆಯುವ ತಿಂಗಳುಗಳಲ್ಲಿ ಹಾಸ್ಟೆಲಿನಲ್ಲಿ ಇರುತ್ತಾರೆ. ರಜೆಯಲ್ಲಿ ಮನೆಗೆ ಹೋಗುತ್ತಾರೆ. ಥಾರ್‌ನಲ್ಲಿ ಮೇವು ಮುಗಿದ ಮೇಲೆ ಕುರಿಗಾಹಿಗಳು ಮಂದೆ ಹೊಡೆದುಕೊಂಡು ತಿಂಗಳುಗಟ್ಟಲೆ ಊರು ಬಿಡುತ್ತಾರೆ, ಮಳೆ ಬಿದ್ದರೆ ವಾಪಸ್ ಬರುತ್ತಾರೆ. ಅಲ್ಜೀರಿಯಾದ ಟಿಂಡೂಫ್ ಹತ್ತಿರ ಪಶ್ಚಿಮ ಸಹಾರಾದಿಂದ ಬಂದ ಸಹ್ರಾವಿ ನಿರಾಶ್ರಿತರ ಶಿಬಿರಗಳಿವೆ. 1970ರ ದಶಕದ ಮಧ್ಯದಿಂದಲೂ ಇವೆ. ಅಲ್ಲಿಂದ ಪ್ರತಿ ಬೇಸಿಗೆಯಲ್ಲಿ ಮಕ್ಕಳು ಸ್ಪೇನಿಗೆ ಹೋಗಿ, ಅಲ್ಲಿನ ಕುಟುಂಬಗಳ ಜತೆ ಎರಡು ತಿಂಗಳು ಇದ್ದು ಬರುತ್ತಾರೆ.

ಗಮನಿಸಿ, ಇಲ್ಲೆಲ್ಲ ಹೋದವರು ವಾಪಸ್ ಬರುತ್ತಾರೆ. ಅದಕ್ಕೊಂದು ಕಾಲವೂ ಗೊತ್ತಾಗಿದೆ. ನಾವು ಈ ಲೆಕ್ಕಕ್ಕೆ ಹೊರಗಿನವರು. ಹೋದರೆ ಹೋದೆವು. ಹಾಗಾಗಿ ನಾವು ಹೇಳುವ ಮಾತು ಅವರ ಲೆಕ್ಕದಲ್ಲಿ ಏನಾಗಿ ಕೇಳಿಸುತ್ತದೆ ಅನ್ನುವುದನ್ನು ಯೋಚಿಸಲೇಬೇಕು.

ಇನ್ನೊಂದು ವಿಷಯ. ಒಬ್ಬರು ಹೋದ ಮೇಲೆ ಇನ್ನೊಬ್ಬರು, ಅವರು ಹೋದ ಮೇಲೆ ಮತ್ತೊಬ್ಬರು. ಲಿಂಡಾ ರಿಕ್ಟರ್ ಮತ್ತು ಏಮಿ ನಾರ್ಮನ್ 2010ರಲ್ಲಿ ದಕ್ಷಿಣ ಆಫ್ರಿಕಾ ಭಾಗದ ಅನಾಥಾಲಯಗಳ ಬಗ್ಗೆ ಬರೆದಾಗ ಇದನ್ನೇ ಎತ್ತಿ ಹೇಳಿದ್ದರು. ಕೆಲವೇ ವಾರಕ್ಕೆ ಬರುವ ಸ್ವಯಂಸೇವಕರಿಗೆ ಪುಟ್ಟ ಮಕ್ಕಳು ಅಂಟಿಕೊಳ್ಳುತ್ತಾರೆ, ಕಳೆದುಕೊಳ್ಳುತ್ತಾರೆ, ಮತ್ತೆ ಅಂಟಿಕೊಳ್ಳುತ್ತಾರೆ. ಸಂಜೆ ಅಪ್ಪ ಅಮ್ಮನ ಹತ್ತಿರ ಹೋಗುವ ಹಳ್ಳಿ ಮಕ್ಕಳ ಸ್ಥಿತಿ ಅಷ್ಟು ನಾಜೂಕಲ್ಲ. ಆದರೆ ನೀವಿರುವುದು ಮಕ್ಕಳೇ ವಾಸಿಸುವ ಆಶ್ರಮ ಅಥವಾ ಹಾಸ್ಟೆಲ್ ಆಗಿದ್ದರೆ ಇಲ್ಲಿ ಬರೆದಿದ್ದನ್ನೆಲ್ಲ ಎರಡು ಪಟ್ಟು ಜೋಪಾನವಾಗಿ ಮಾಡಿ.

ಬಂದ ವಾರವೇ: ಹೊರಡುವ ದಿನ ಹೇಳಿ

ಅತಿ ಸುಲಭದ ಕೆಲಸ ಇದು, ಆದರೂ ಯಾರೂ ಮಾಡುವುದಿಲ್ಲ. ಹೆಸರು ಹೇಳುವಾಗಲೇ ಎಲ್ಲಿಯವರೆಗೆ ಇರುತ್ತೀರಿ ಅಂತಲೂ ಹೇಳಿಬಿಡಿ. ತಿಂಗಳ ಹೆಸರಿಗಿಂತ ಆ ಊರಿನ ಗುರುತು ಚೆನ್ನಾಗಿ ತಲುಪುತ್ತದೆ: ಪರೀಕ್ಷೆ ಮುಗಿಯುವವರೆಗೆ, ಮಂದೆ ವಾಪಸ್ ಬರುವವರೆಗೆ, ಹೀಗೆ.

ಮೂರು ವಾರ ಮುಂಚೆ: ಮೊದಲು ದೊಡ್ಡವರಿಗೆ, ಆಮೇಲೆ ಮಕ್ಕಳಿಗೆ

ಶಾಲೆಯ ಟೀಚರ್‌ಗೆ, ನಿಮ್ಮನ್ನು ಕಳಿಸಿದ ಸಂಸ್ಥೆಯವರಿಗೆ, ಆಗುವಷ್ಟು ತಾಯಂದಿರಿಗೆ ಮೊದಲು ತಿಳಿಸಿ. ಮಗು ಮನೆಗೆ ಹೋಗಿ 'ಅವರು ಹೋಗ್ತಾರಂತೆ' ಅಂದಾಗ ಅಮ್ಮನಿಗೆ ಮೊದಲೇ ಗೊತ್ತಿರಬೇಕು. ಆಮೇಲೆ ಎಲ್ಲ ಮಕ್ಕಳಿಗೂ ಒಂದೇ ದಿನ, ಒಂದೇ ಹೊತ್ತಿಗೆ ಹೇಳಿ. ನಿಮಗೆ ಇಷ್ಟವಾದ ನಾಲ್ಕು ಮಕ್ಕಳನ್ನು ಕರೆದು ಗುಟ್ಟಾಗಿ ಹೇಳಬೇಡಿ. ಸಂಜೆಯೊಳಗೆ ಆ ಗುಟ್ಟು ಊರೆಲ್ಲ ಸುತ್ತಿ, ಬಾಲ ಕೊಂಬು ಸೇರಿಸಿಕೊಂಡು ನಿಮ್ಮ ಹತ್ತಿರವೇ ಬರುತ್ತದೆ.

ಏನು ಹೇಳಬೇಕು? ನಾನು ಎರಡನೇ ಸಲ ಬರೆದಿಟ್ಟುಕೊಂಡು ಹೇಳಿದ್ದು ಹೆಚ್ಚೂಕಮ್ಮಿ ಹೀಗಿತ್ತು:

'ಈ ತಿಂಗಳ 28ಕ್ಕೆ ನನ್ನ ಕೆಲಸ ಮುಗಿಯುತ್ತೆ. 29ರ ಬೆಳಿಗ್ಗೆ ನಾನು ನನ್ನ ಊರಿಗೆ ಹೋಗ್ತೀನಿ. ನೀವು ಯಾರೂ ಏನೂ ತಪ್ಪು ಮಾಡಿಲ್ಲ. ಮತ್ತೆ ಇಲ್ಲಿಗೆ ಬರ್ತೀನೋ ಇಲ್ವೋ ನನಗೇ ಗೊತ್ತಿಲ್ಲ. ನಿಮ್ಮ ಟೀಚರ್ ಇಲ್ಲೇ ಇರ್ತಾರೆ. ಸಂಜೆ ಆಟ ಆಡಿಸೋದು ಇನ್ಮೇಲೆ ಇವರು.'

ಹೇಳುವಾಗ ಆ 'ಇವರು' ನನ್ನ ಪಕ್ಕದಲ್ಲೇ ನಿಂತಿದ್ದರು. 'ಗೊತ್ತಿಲ್ಲ' ಅಂದಾಗ ಒಂದು ನಿಮಿಷ ಯಾರೂ ಮಾತಾಡಲಿಲ್ಲ. ಆಮೇಲೆ ಒಬ್ಬಳು ಕೇಳಿದ್ದು: 'ಹಾಗಾದ್ರೆ ಸೀಟಿ ಯಾರ ಹತ್ತಿರ ಇರುತ್ತೆ?' ಮಕ್ಕಳ ಮೊದಲ ಚಿಂತೆ ಬಹಳ ಸಲ ಇಂಥದೇ. ನಾಳೆ ಏನು ಬದಲಾಗುತ್ತದೆ, ಏನು ಹಾಗೇ ಇರುತ್ತದೆ, ಅಷ್ಟೇ. ಅದಕ್ಕೆ ನೇರ ಉತ್ತರ ರೆಡಿ ಇಟ್ಟುಕೊಳ್ಳಿ.

'ಬೇಗ ಬರ್ತೀನಿ', 'ನಿಮ್ಮನ್ನೂ ಕರ್ಕೊಂಡು ಹೋಗ್ತೀನಿ', 'ದಿನಾ ಫೋನ್ ಮಾಡ್ತೀನಿ', ಇವು ಮೂರೂ ಬೇಡ. 'ನಿಮ್ಮನ್ನು ಬಿಟ್ಟು ಹೋಗೋಕೆ ನನಗೆ ಇಷ್ಟವೇ ಇಲ್ಲ' ಅನ್ನುವುದೂ ಬೇಡ. ಇಷ್ಟವಿಲ್ಲದಿದ್ದರೆ ಯಾಕೆ ಹೋಗಬೇಕು ಅಂತ ಮಗು ಯೋಚಿಸುತ್ತದೆ, ಕೊನೆಗೆ ಕಾರಣ ತಾನೇ ಅಂದುಕೊಳ್ಳುತ್ತದೆ. ಆ ಊರಿನ ಭಾಷೆಯಲ್ಲಿ ಬೀಳ್ಕೊಡುವಾಗ ಆಡುವ ಮಾತಿನ ಒಳಗೆ ಏನಿದೆ ಅಂತ ಯಾರನ್ನಾದರೂ ಕೇಳಿ ನೋಡಿ. ನಮ್ಮ 'ಹೋಗಿ ಬರ್ತೀನಿ'ಯಲ್ಲಿ ಬರುವ ಮಾತು ಸೇರಿಕೊಂಡೇ ಇದೆ. ನಮಗದು ರೂಢಿ. ಮಾತು ಮಾತಿಗೆ ಸರಿ ಅಂತ ಅನುವಾದ ಮಾಡಿ ಹೇಳಿದರೆ ಅದು ಭಾಷೆ ಕೊಟ್ಟ ಹಾಗೆ. ಆ ಏಳು ವರ್ಷದ ಹುಡುಗನಿಗೆ ಆಗಿದ್ದು ಅದೇ.

ವಯಸ್ಸಿನ ಪ್ರಕಾರ ಸ್ವಲ್ಪ ವ್ಯತ್ಯಾಸವಿದೆ. ನಾಲ್ಕೈದು ವರ್ಷದವರಿಗೆ ಮೂರು ವಾರ ಅಂದರೆ ಏನೂ ಅಲ್ಲ, ಕೊನೆಯ ನಾಲ್ಕೈದು ದಿನ ಮತ್ತೆ ಮತ್ತೆ ಹೇಳಬೇಕು. ಹದಿಮೂರು, ಹದಿನಾಲ್ಕರವರು ಕಾರಣ ಕೇಳುತ್ತಾರೆ, ಸಂಬಳ ಎಷ್ಟು ಅಂತಲೂ ಕೇಳುತ್ತಾರೆ. ನಿಜ ಹೇಳಿ.

ಕಲ್ಲಿನ ಲೆಕ್ಕ

ಗೋಡೆಯ ಕ್ಯಾಲೆಂಡರಿನಲ್ಲಿ ದಿನ ಹೊಡೆದು ಹಾಕುವುದಕ್ಕಿಂತ ಇದು ಚೆನ್ನಾಗಿ ನಡೆಯಿತು. ಒಂದು ಗಾಜಿನ ಡಬ್ಬ, ಇಪ್ಪತ್ತೊಂದು ಕಲ್ಲು. ದಿನವೂ ಪಾಠ ಮುಗಿದ ಮೇಲೆ ಒಬ್ಬರು ಒಂದು ಕಲ್ಲು ತೆಗೆದು ಹೊರಗೆ ಎಸೆಯಬೇಕು. ಮರಳಿನ ಊರಿನಲ್ಲಿ ಕಲ್ಲೂ ಹುಡುಕಿದರೆ ಮಾತ್ರ ಸಿಗುವುದು. ಒಣಗಿದ ಹಳ್ಳದವರೆಗೆ ನಡೆದು ಮಕ್ಕಳೇ ಆರಿಸಿ ತಂದರು. ತಮ್ಮ ಕಲ್ಲು ಯಾವುದು ಅಂತ ಪ್ರತಿಯೊಬ್ಬರಿಗೂ ಗೊತ್ತಿತ್ತು: ಕೆಂಪು ಗೆರೆಯದು, ಮೊಟ್ಟೆಯಂಥದು, ಮೂಲೆ ಮುರಿದದ್ದು.

ಒಂದು ದಿನ ಡಬ್ಬದಲ್ಲಿ ಒಂಬತ್ತು ಇತ್ತು. ಮರುದಿನ ಬೆಳಿಗ್ಗೆ ನೋಡಿದರೆ ಹತ್ತು.

ಯಾರೂ ಏನೂ ಹೇಳಲಿಲ್ಲ. ನಾನೂ ಕೇಳಲಿಲ್ಲ. ಎಲ್ಲರೂ ಸೇರಿ ಗಟ್ಟಿಯಾಗಿ ಎಣಿಸಿದೆವು, ತಾರೀಖು ನೋಡಿದೆವು. ಆ ದಿನ ಎರಡು ಕಲ್ಲು ಹೊರಗೆ ಹೋದವು. ಎರಡನೆಯದನ್ನು ಎಸೆಯಲು ಕೈ ಎತ್ತಿದವಳು ಎಸೆಯಲಿಲ್ಲ, ಜೇಬಿಗೆ ಹಾಕಿಕೊಂಡಳು. ಹಾಗೆ ಮಾಡಬಾರದು ಅಂತ ನಿಯಮ ಇರಲಿಲ್ಲವಲ್ಲ. ಮರುದಿನದಿಂದ ಯಾರೂ ಕಲ್ಲು ಎಸೆಯಲೇ ಇಲ್ಲ, ಎಲ್ಲ ಜೇಬಿಗೇ ಹೋದವು.

ಕೊನೆಯ ಎರಡು ವಾರ: ಗಲಾಟೆ ಜಾಸ್ತಿ ಆಗುತ್ತದೆ

ಅಷ್ಟು ದಿನ ಮಾತು ಕೇಳುತ್ತಿದ್ದ ಮಕ್ಕಳು ಪುಸ್ತಕ ಎಸೆಯಬಹುದು, ಹೊಡೆದಾಡಬಹುದು. ಅಂಟಿಕೊಂಡೇ ಇರುತ್ತಿದ್ದವಳು ನಿಮ್ಮನ್ನು ನೋಡಿಯೂ ನೋಡದ ಹಾಗೆ ಹೋಗಬಹುದು. 'ನೀವು ಯಾವತ್ತೂ ನಮಗೆ ಇಷ್ಟ ಆಗಿರಲೇ ಇಲ್ಲ' ಅಂತ ನನಗೊಬ್ಬ ಹೇಳಿದ. ಬೇಜಾರಾಯಿತು, ಸುಳ್ಳು ಹೇಳುವುದಿಲ್ಲ.

ಜೇಮ್ಸ್ ರಾಬರ್ಟ್‌ಸನ್ ಅನ್ನುವ ಬ್ರಿಟಿಷ್ ಸಂಶೋಧಕ 1952ರ ಸುಮಾರಿಗೆ, ಆಸ್ಪತ್ರೆ ಸೇರಿ ಅಪ್ಪ ಅಮ್ಮನಿಂದ ದೂರವಾದ ಪುಟ್ಟ ಮಕ್ಕಳನ್ನು ಹತ್ತಿರದಿಂದ ನೋಡಿ, ಚಿತ್ರೀಕರಿಸಿ ತೋರಿಸಿದರು. ಅವರೂ ಮನೋವೈದ್ಯ ಜಾನ್ ಬೌಲ್ಬಿಯೂ ಅದರಲ್ಲಿ ಮೂರು ಘಟ್ಟ ಗುರುತಿಸಿದರು. ಮೊದಲು ಮಗು ಅತ್ತು ರಂಪ ಮಾಡುತ್ತದೆ. ಆಮೇಲೆ ಮಂಕಾಗುತ್ತದೆ. ಕೊನೆಗೆ ಏನೂ ಆಗಿಲ್ಲ ಅನ್ನುವ ಹಾಗೆ ಮುಖ ತಿರುಗಿಸುತ್ತದೆ. ಈ ಮೂರನೆಯದನ್ನೇ ಆಗಿನ ಆಸ್ಪತ್ರೆಗಳು 'ಮಗು ಹೊಂದಿಕೊಂಡಿದೆ' ಅಂತ ತಪ್ಪು ತಿಳಿದಿದ್ದವು. ನೀವು ಆ ಮಕ್ಕಳ ತಾಯಿಯಲ್ಲ, ನೀವು ಹೊರಟರೆ ಅಷ್ಟು ದೊಡ್ಡ ಪೆಟ್ಟು ಬೀಳುವುದಿಲ್ಲ. ಆದರೂ ಅಳದೆ ಸುಮ್ಮನಿರುವ ಮಗುವಿನ ಕಡೆ ಒಂದು ಕಣ್ಣಿರಲಿ. ಅಳುವವರನ್ನು ಎಲ್ಲರೂ ಸಮಾಧಾನ ಮಾಡುತ್ತಾರೆ.

ಇಂಥ ಹೊತ್ತಿನಲ್ಲಿ ನಿಯಮ ಸಡಿಲ ಮಾಡಬೇಡಿ. ಹೇಗೂ ಹೋಗುವವಳು ಅಂತ ನಾನು ಮೊದಲ ಸಲ ಎಲ್ಲದಕ್ಕೂ ಹೂಂ ಅಂದೆ. ಅದರ ಫಲ ಉಂಡವರು ಆಮೇಲೆ ಬಂದವರು.

ಒಪ್ಪಿಸುವ ಪುಸ್ತಕ

ವಿದಾಯ ಸಮಾರಂಭಕ್ಕೆ ನೀವು ಎಷ್ಟು ಹೊತ್ತು ಕೊಡುತ್ತೀರೋ ಅದರ ನಾಲ್ಕು ಪಟ್ಟು ಇದಕ್ಕೆ ಕೊಡಿ. ಒಂದು ನೋಟ್‌ಬುಕ್ ತೆಗೆದುಕೊಂಡು, ನೀವಿಲ್ಲದಾಗ ಬರುವವರಿಗೆ ಬೇಕಾಗುವುದೆಲ್ಲ ಬರೆಯಿರಿ. ಗುಣಾಕಾರ ಎಲ್ಲಿಯವರೆಗೆ ಆಗಿದೆ. ಯಾರಿಗೆ ಬೋರ್ಡು ಕಾಣುವುದಿಲ್ಲ, ಮುಂದೆ ಕೂರಿಸಬೇಕು. ಯಾರು ನೀರು ತರುವ ಪಾಳಿಯಿಂದ ತಡವಾಗಿ ಬರುತ್ತಾರೆ, ಅವರನ್ನು ಬೈಯಬಾರದು. ಮರಳುಗಾಳಿ ಎದ್ದರೆ ಮೊದಲು ಯಾವ ಕಿಟಕಿ ಮುಚ್ಚಬೇಕು. ಬೀಗದ ಕೈ, ಸೀಮೆಸುಣ್ಣ, ಚೆಂಡು, ಪಂಪು ಎಲ್ಲೆಲ್ಲಿವೆ. ಮನೆಯ ಕಷ್ಟ, ಕಾಯಿಲೆಯ ವಿಷಯ ಈ ಪುಸ್ತಕದಲ್ಲಿ ಬರೆಯಬೇಡಿ, ಯಾರ ಕೈಗೆ ಬೇಕಾದರೂ ಸಿಗುತ್ತದೆ. ಅದನ್ನು ಟೀಚರ್‌ಗೆ ಬಾಯಲ್ಲೇ ಹೇಳಿ. ಯಾವುದಾದರೂ ಮಗು ಅಪಾಯದಲ್ಲಿದೆ ಅನಿಸಿದ್ದರೆ ಹೊರಡುವವರೆಗೆ ಕಾಯಬೇಡಿ, ಸಂಸ್ಥೆಯಲ್ಲಿ ಮಕ್ಕಳ ರಕ್ಷಣೆಗೆ ಹೊಣೆಯಾದವರಿಗೆ ಅವತ್ತೇ ತಿಳಿಸಿ.

ಹೊಸಬರು ನೀವಿರುವಾಗಲೇ ಬಂದರೆ ಅದೃಷ್ಟ. ಆಗ ಕೊನೆಯ ವಾರದ ಪಾಠ ಅವರದು, ನೀವು ಹಿಂದೆ ಕುಳಿತುಕೊಳ್ಳಿ. ಮಕ್ಕಳಿಗೂ ಒಂದು ಕೆಲಸ ಕೊಡಿ: ಹೊಸಬರಿಗೆ ಕಲಿಸುವುದು. ನಮ್ಮಲ್ಲಿ ಒಬ್ಬಳು ಇಡೀ ತರಗತಿಯ ನಕ್ಷೆ ಬರೆದು ಕೊಟ್ಟಳು. ಯಾರು ಎಲ್ಲಿ ಕೂರುತ್ತಾರೆ, ಚೇಳು ಎಲ್ಲಿ ಸಿಕ್ಕಿತ್ತು, ಮಧ್ಯಾಹ್ನ ನೆರಳು ಯಾವ ಗೋಡೆಗೆ ಬರುತ್ತದೆ. ಮೂಲೆಯಲ್ಲಿ ನನ್ನ ಕುರ್ಚಿ ಇತ್ತು. ಅದರ ಮೇಲೆ ನನ್ನ ಹೆಸರು ಬರೆದು, ಹೊಡೆದು ಹಾಕಿ, ಹೊಸ ಹೆಸರು ಬರೆದಿದ್ದಳು. ಚೂರು ಚುಚ್ಚಿತು. ಆದರೆ ಕೆಲಸ ಆಗಿತ್ತು.

ಉಡುಗೊರೆ ಮತ್ತು ಫೋಟೋ

ಚಾಕೊಲೇಟ್ ಬೇಡ. ಅದು ಸುಮಾರು 34 ಡಿಗ್ರಿಗೇ ಕರಗುತ್ತದೆ, ಮರುಭೂಮಿಯ ಬೇಸಿಗೆಯಲ್ಲಿ ಹಂಚುವ ಮುಂಚೆಯೇ ಪಾಯಸ. ಒಬ್ಬೊಬ್ಬರಿಗೆ ಬೇರೆ ಬೇರೆ ಉಡುಗೊರೆಯೂ ಬೇಡ, ಜಗಳ ಕಟ್ಟಿಟ್ಟದ್ದು. ಶಾಲೆಗೆ ಬೇಕಾದ ಒಂದೆರಡು ವಸ್ತು ಟೀಚರ್ ಕೈಯಲ್ಲಿ ಕೊಟ್ಟು, ಅವರ ಕೈಯಿಂದಲೇ ಮಕ್ಕಳಿಗೆ ಸಿಗುವ ಹಾಗೆ ಮಾಡಿ. ನೀವು ಹೋದ ಮೇಲೂ ಇರುವವರು ಅವರು.

ಮಕ್ಕಳೂ ಏನಾದರೂ ಕೊಡುತ್ತಾರೆ. ಚಿತ್ರ, ಗರಿ, ಕಲ್ಲು ಕೊಟ್ಟರೆ ಎರಡೂ ಕೈಯಲ್ಲಿ ತೆಗೆದುಕೊಳ್ಳಿ. ಒಬ್ಬ ನನಗೆ ಮೇಕೆಯ ಕೊರಳಿನ ಗಂಟೆ ತಂದುಕೊಟ್ಟ. ಸಂಜೆ ಅವನ ಮನೆಗೆ ಹೋಗಿ ಕೇಳಿದರೆ ಅವನಮ್ಮ ಮಧ್ಯಾಹ್ನದಿಂದ ಅದನ್ನೇ ಹುಡುಕುತ್ತಿದ್ದರು! ನಗು ಮುಗಿದ ಮೇಲೆ ಗಂಟೆ ಮೇಕೆಯ ಕೊರಳಿಗೆ ವಾಪಸ್ ಹೋಯಿತು. ನಾನು ಅದರ ಸದ್ದನ್ನು ಫೋನಿನಲ್ಲಿ ರೆಕಾರ್ಡ್ ಮಾಡಿಕೊಂಡೆ.

ಫೋಟೋ ವಿಷಯದಲ್ಲಿ ನಾನು ಸ್ವಲ್ಪ ಕಟ್ಟುನಿಟ್ಟು. ವಿಶ್ವಸಂಸ್ಥೆ 1989ರ ನವೆಂಬರ್ 20ರಂದು ಒಪ್ಪಿದ ಮಕ್ಕಳ ಹಕ್ಕುಗಳ ಒಡಂಬಡಿಕೆಯ 16ನೇ ವಿಧಿ ಮಕ್ಕಳ ಖಾಸಗಿತನದ್ದೇ. ತೆಗೆಯುವ ಮುಂಚೆ ಮಗುವನ್ನೂ ಮನೆಯವರನ್ನೂ ಕೇಳಿ. ಮುಖ, ಹೆಸರು, ಊರು ಮೂರೂ ಒಂದೇ ಪೋಸ್ಟಿನಲ್ಲಿ ಹಾಕಬೇಡಿ. ಅಳುವ ಮಗುವನ್ನು ತಬ್ಬಿಕೊಂಡ ಫೋಟೋ ಅಂತೂ ಬೇಡವೇ ಬೇಡ. ಅದು ಯಾರಿಗೋಸ್ಕರ ತೆಗೆದದ್ದು ಅಂತ ನೋಡಿದವರಿಗೆಲ್ಲ ಗೊತ್ತಾಗುತ್ತದೆ, ಅಲ್ವಾ? ಅದರ ಬದಲು ಒಂದೊಂದು ಮನೆಗೆ ಒಂದೊಂದು ಅಚ್ಚು ಹಾಕಿಸಿದ ಫೋಟೋ ಕೊಟ್ಟು ಬನ್ನಿ. ನೀವು ಅದರಲ್ಲಿ ಇರಬೇಕಾಗಿಲ್ಲ.

ಕೊನೆಯ ದಿನ

ಹೊತ್ತು ಮೊದಲು ನೋಡಿ. ರಾಜಸ್ಥಾನದ ಫಲೋದಿಯಲ್ಲಿ 2016ರ ಮೇ 19ರಂದು 51 ಡಿಗ್ರಿ ದಾಖಲಾಗಿತ್ತು. ಗೋಬಿಯಲ್ಲಿ ಚಳಿಗಾಲ ಸೊನ್ನೆಗಿಂತ 40 ಡಿಗ್ರಿ ಕೆಳಗೂ ಹೋಗುತ್ತದೆ. ಎರಡರಲ್ಲೂ ಮಕ್ಕಳನ್ನು ಬಯಲಲ್ಲಿ ಸಾಲಾಗಿ ನಿಲ್ಲಿಸಿ ಭಾಷಣ ಮಾಡುವ ಹಾಗಿಲ್ಲ. ಬೇಸಿಗೆಯಾದರೆ ಬಿಸಿಲೇರುವ ಮುಂಚೆ ಮುಗಿಸಿ, ಒಂದು ಗಂಟೆ ಸಾಕು. ನೀರೆರಚುವ ಆಟ, ಬಲೂನಿಗೆ ನೀರು ತುಂಬುವುದು ಬೇಡ. ಆ ನೀರನ್ನು ಯಾರೋ ಹೊತ್ತು ತಂದಿರುತ್ತಾರೆ.

ಆ ದಿನವೂ ಮೊದಲು ಮಾಮೂಲಿ ಪಾಠ ಇರಲಿ. ಆಮೇಲೆ ಮಕ್ಕಳೇ ಆರಿಸಿದ ಆಟ, ಅವರದೇ ಹಾಡು. ತಬ್ಬಿಕೊಳ್ಳಲು ಸಾಲು ಮಾಡಿಸಬೇಡಿ. ಬೇಕಾದವರು ಬರುತ್ತಾರೆ, ಕೆಲವರು ದೂರದಿಂದ ಕೈ ಬೀಸುತ್ತಾರೆ, ಒಬ್ಬಿಬ್ಬರು ಗೋಡೆಯ ಹಿಂದೆ ಕೂತು ಉಗುರಿನಿಂದ ಸಿಮೆಂಟ್ ಕೆರೆಯುತ್ತಿರುತ್ತಾರೆ. ಗೋಡೆಯ ಹಿಂದಿರುವವರ ಹತ್ತಿರ ಹೋಗಿ ಎರಡು ನಿಮಿಷ ಸುಮ್ಮನೆ ಕೂತು, ಹೆಸರು ಹಿಡಿದು ಒಂದು ಮಾತು ಹೇಳಿ ಎದ್ದು ಬನ್ನಿ. 'ನೀನು ಭಾಗಾಕಾರ ಕಲಿತಿದ್ದು ನನಗೆ ನೆನಪಿರುತ್ತೆ' ಅನ್ನುವಂಥ, ಅವರಿಗೆ ಮಾತ್ರ ಹೊಂದುವ ಮಾತು.

ನಿಮಗೆ ಅಳು ಬಂದರೆ ಬರಲಿ. ಮಕ್ಕಳೇ ನಿಮ್ಮನ್ನು ಸಮಾಧಾನ ಮಾಡುವ ಮಟ್ಟಕ್ಕೆ ಬಂದರೆ ಮಾತ್ರ ಸ್ವಲ್ಪ ಹೊರಗೆ ಹೋಗಿ ಮುಖ ತೊಳೆದು ಬನ್ನಿ.

ಗಾಡಿ ಹತ್ತುವುದನ್ನು ಅವರು ನೋಡಲಿ. ಕಾಣದ ಹಾಗೆ ಮಾಯವಾದವರನ್ನು ಮಕ್ಕಳು ಕಾಯುತ್ತಾರೆ. ಬೆಳಗಿನ ಜಾವವೇ ಹೊರಡುವುದಾದರೆ ಹಿಂದಿನ ದಿನವೇ ಸ್ಪಷ್ಟವಾಗಿ ಹೇಳಿ: 'ನಾಳೆ ನೀವು ಎದ್ದಾಗ ನಾನು ಇರಲ್ಲ.'

ಗಾಡಿ ಬಾರದೆಯೂ ಇರಬಹುದು. ಎರಡನೇ ಸಲ ನಾನು ಎಲ್ಲರಿಗೂ ಹೇಳಿ, ಹಾಡಿಸಿಕೊಂಡು, ಚೀಲದ ಮೇಲೆ ಕೂತೆ. ಮರಳುಗಾಳಿಗೆ ದಾರಿ ಮುಚ್ಚಿತ್ತು. ಐದು ಗಂಟೆ! ಒಂದು ಗಂಟೆ ಎಲ್ಲರೂ ಗಂಭೀರವಾಗಿ ನನ್ನ ಸುತ್ತ ಕೂತಿದ್ದರು. ಆಮೇಲೆ ಒಬ್ಬನಿಗೆ ಬೇಜಾರಾಗಿ ಚೆಂಡು ತಂದ. ಜೀಪು ಬಂದಾಗ ನಮ್ಮ ತಂಡ ಎರಡು ಗೋಲಿನಿಂದ ಸೋಲುತ್ತಿತ್ತು, ಬೀಳ್ಕೊಡುಗೆಗೆ ಆಟ ನಿಲ್ಲಿಸಲು ಯಾರಿಗೂ ಮನಸ್ಸಿರಲಿಲ್ಲ. ಇಂಥದಾದರೆ ಮತ್ತೆ ಹೊಸದಾಗಿ ವಿದಾಯ ಹೇಳಬೇಡಿ. ಕೈ ಬೀಸಿ ಹತ್ತಿ.

ಊರಿಗೆ ಬಂದ ಮೇಲೆ

ನಿಮ್ಮ ಸ್ವಂತ ನಂಬರನ್ನು ಮಕ್ಕಳಿಗೆ ಕೊಡದಿರುವುದು ಒಳ್ಳೆಯದು, ಎಷ್ಟೋ ಸಂಸ್ಥೆಗಳ ನಿಯಮವೂ ಹೌದು. ಪತ್ರವೋ ಸಂದೇಶವೋ ಶಾಲೆಯ ಮೂಲಕ, ಇಡೀ ತರಗತಿಗೆ ಹೋಗಲಿ. ಎಷ್ಟು ಪತ್ರ ಅಂತ ಹೊರಡುವಾಗಲೇ ಹೇಳಿ, ಅಷ್ಟನ್ನೇ ಬರೆಯಿರಿ. ನಾನು ಒಂದು ಅಂದಿದ್ದೆ. ತಿಂಗಳೊಳಗೆ ಬರೆದೆ: ಕ್ಷೇಮವಾಗಿ ತಲುಪಿದೆ, ಇಲ್ಲಿ ಮಳೆ, ನೀವು ಕೊಟ್ಟ ಚಿತ್ರ ಗೋಡೆಯ ಮೇಲಿದೆ. 'ನೀವಿಲ್ಲದೆ ಆಗುತ್ತಿಲ್ಲ' ಅಂತೆಲ್ಲ ಬರೆಯಲಿಲ್ಲ. ಆಗುತ್ತಿರಲಿಲ್ಲ ಅನ್ನುವುದು ನಿಜವೇ. ನಲ್ಲಿ ತಿರುಗಿಸಿದಾಗಲೆಲ್ಲ ಒಂದು ಥರ ಆಗುತ್ತಿತ್ತು. ಅದನ್ನು ಮಕ್ಕಳಿಗೆ ಬರೆಯದೆ, ಅಲ್ಲಿದ್ದು ಬಂದ ಇನ್ನೊಬ್ಬಳ ಜತೆ ಕೂತು ಮಾತಾಡಿಕೊಂಡೆ.

ಮೂರು ತಿಂಗಳಾದ ಮೇಲೆ ಹೊಸಬರು ಮಕ್ಕಳ ಉತ್ತರದ ಫೋಟೋ ಕಳಿಸಿದರು. ನೆನಪು, ಪ್ರೀತಿ ಅಂತ ಏನೇನೋ ಇರುತ್ತದೆ ಅಂದುಕೊಂಡು ತೆರೆದೆ. ಒಂದೇ ಸಾಲು ಇತ್ತು: 'ಚೆಂಡಿನ ಪಂಪು ಎಲ್ಲಿ?'

ಒಪ್ಪಿಸುವ ಪುಸ್ತಕದ ಹದಿನಾಲ್ಕನೇ ಪುಟ ನೋಡಿ ಅಂತ ತಿಳಿಸಿದೆ. ಕಪಾಟಿನ ಕೆಳಗಿನ ಖಾನೆ, ಸೀಮೆಸುಣ್ಣದ ಡಬ್ಬದ ಹಿಂದೆ.